ಅಮ್ಮಿಯ ಮೆಟ್ಟಿಲ ದೀಪ ಮತ್ತು ಸ್ಮಾರ್ಟ್ ಸ್ವಿಚ್

ಗುಂಡ್ಲುಪೇಟೆಯ ನನ್ನ ತವರು ಮನೆಯಲ್ಲಿ ಮಹಡಿಗೆ ಹದಿನೇಳು ಮೆಟ್ಟಿಲುಗಳಿವೆ. ಅಮ್ಮಿ ಅವುಗಳನ್ನು ಎಣಿಸಿಕೊಂಡೇ ಹತ್ತುತ್ತಾರೆ, ಎಣಿಸಿಕೊಂಡೇ ಇಳಿಯುತ್ತಾರೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮೊದಲು, ದೃಷ್ಟಿ ಮಂಜಾಗಿದ್ದಾಗ ಬಂದ ಅಭ್ಯಾಸವದು. ಬಕ್ರೀದ್ ರಜೆ ಮುಗಿದ ಮಾರನೆಯ ದಿನ ಒಣಗಿದ ಬಟ್ಟೆ ತರಲು ತಾರಸಿಗೆ ಹೋಗಿದ್ದ ಅವರು ಮಗ್ರಿಬ್‌ನ ಅಝಾನ್ ಕೇಳಿ ಇಳಿಯಲು ಹೊರಟರು. ಮೇಲಿನ ಬಾಗಿಲ ಪಕ್ಕದ ಸ್ವಿಚ್ ಒತ್ತಿದರು. ದೀಪ ಹತ್ತಲಿಲ್ಲ. ಮೂರು ಸಲ ಒತ್ತಿದರು, ಕತ್ತಲೆಯೇ. ಕರೆಂಟ್ ಹೋಗಿದೆಯೇ ಎಂದರೆ ಕೆಳಗಿನ ಕೋಣೆಯ ಬೆಳಕು ಕಾಣಿಸುತ್ತಿತ್ತು. ತೋಳಿನ ತುಂಬ ಬಟ್ಟೆ, ಗೋಡೆ ಹಿಡಿಯಲು ಕೈ ಬಿಡುವಿಲ್ಲ. ಹದಿನಾರರವರೆಗೆ ಎಣಿಸಿದ್ದು ನೆನಪಿದೆ ಎನ್ನುತ್ತಾರೆ. ಹದಿನೇಳನೆಯದರಲ್ಲಿ ಕಾಲು ತಪ್ಪಿತು.

ಸದ್ದು ಕೇಳಿ ಓಡಿ ಬಂದ ಭಾಬಿ ಕೆಳಗಿನ ಹೊಸ ಗಾಜಿನ ಸ್ವಿಚ್ ಮುಟ್ಟಿದರು. ಅದರ ಮೇಲಿನ ನೀಲಿ ಚುಕ್ಕೆ ಹೊಳೆಯಿತು, ಮೆಟ್ಟಿಲ ದೀಪ ಮಾತ್ರ ಹೊಳೆಯಲಿಲ್ಲ. ಬೆಂಗಳೂರಿಗೆ ಮರಳಿದ್ದ ನನ್ನ ಅಣ್ಣನ ಮಗನಿಗೆ ಫೋನು ಹೋಯಿತು. ಆ ಸ್ವಿಚ್ಚನ್ನು ರಜೆಯಲ್ಲಿ ಬಂದಾಗ ಪ್ರೀತಿಯಿಂದ ತಂದು ಹಾಕಿದವನು ಅವನೇ. "ಫುಪ್ಪು, ನನ್ನ ಮೊಬೈಲಿನಲ್ಲಿ ಲೈಟ್ ಆನ್ ಅಂತಲೇ ತೋರಿಸ್ತಾ ಇದೆಯಲ್ಲ" ಎಂದ ಪಾಪದ ಹುಡುಗ. ಮೊಬೈಲಿನಲ್ಲಿ ಬೆಳಕು, ಮೆಟ್ಟಿಲಲ್ಲಿ ಕತ್ತಲು. ಅಮ್ಮಿಯ ಪಾದ ಉಳುಕಿತ್ತು. ಮೂಳೆಗೆ ಪೆಟ್ಟಾಗಲಿಲ್ಲ, ಅಲ್‌ಹಮ್ದುಲಿಲ್ಲಾಹ್.

ಸ್ವಿಚ್ ಕೆಟ್ಟಿರಲಿಲ್ಲ. ಹುಡುಗ ಕೊಂಡ ಕಂಪೆನಿಯ ತಪ್ಪೂ ಅಲ್ಲ. ಒಂದೇ ದೀಪಕ್ಕೆ ಎರಡು ಕಡೆ ಸ್ವಿಚ್ ಇರುವಲ್ಲಿ ಗೋಡೆಯೊಳಗೆ ಏನಿರುತ್ತದೆಂದು ತಿಳಿಯದೆ ಕೈ ಹಾಕಿದ್ದರಿಂದ ಆದದ್ದು ಅದು. ಈಗ ಹೊಸ ಮನೆ ಕಟ್ಟುವವರೂ ಹಳೆಯ ಮನೆ ದುರಸ್ತಿ ಮಾಡಿಸುವವರೂ ಸ್ಮಾರ್ಟ್ ಸ್ವಿಚ್ ಬಗ್ಗೆ ವಿಚಾರಿಸುತ್ತಾರೆ. ಎಲೆಕ್ಟ್ರಿಷಿಯನ್ ಬರುವ ಹೊತ್ತಿಗೆ ಮನೆಯಲ್ಲಿರುವುದು ಹೆಚ್ಚಾಗಿ ನಾವೇ. ಸ್ಕ್ರೂ ಡ್ರೈವರ್ ಹಿಡಿಯುವುದು ಬೇಡ, ಆದರೆ ಗೋಡೆಯ ಹಿಂದೆ ಏನಿದೆ ಎಂದು ತಿಳಿದಿದ್ದರೆ ಸರಿಯಾದ ಪ್ರಶ್ನೆ ಕೇಳಬಹುದು.

ಎರಡು ಸ್ವಿಚ್ಚಿನ ದೀಪ

ಸಾಮಾನ್ಯ ಸ್ವಿಚ್ಚಿನ ಹಿಂದೆ ಎರಡು ಸ್ಕ್ರೂ ಇರುತ್ತವೆ. ಒಂದಕ್ಕೆ ಫೇಸ್ ಬರುತ್ತದೆ, ಇನ್ನೊಂದರಿಂದ ದೀಪಕ್ಕೆ ಹೋಗುತ್ತದೆ. ಮೆಟ್ಟಿಲಿಗೆ, ಉದ್ದನೆಯ ಪಡಸಾಲೆಗೆ, ಮಲಗುವ ಕೋಣೆಯ ಬಾಗಿಲು ಮತ್ತು ಮಂಚದ ಪಕ್ಕಕ್ಕೆ ಹಾಕುವ ಟೂ ವೇ ಸ್ವಿಚ್ಚಿನಲ್ಲಿ ಮೂರು ಸ್ಕ್ರೂಗಳಿವೆ. ಮುಂದಿನಿಂದ ನೋಡಿದರೆ ಎರಡೂ ಒಂದೇ ತರಹ. ಮೂರರಲ್ಲಿ ಒಂದು 'ಕಾಮನ್', ಉಳಿದೆರಡು ಆಚೀಚೆ. ಸ್ವಿಚ್ ಒತ್ತಿದಾಗ ಕಾಮನ್‌ನ ಕರೆಂಟು ಬಲಗಡೆಯ ದಾರಿ ಬಿಟ್ಟು ಎಡಗಡೆಯ ದಾರಿ ಹಿಡಿಯುತ್ತದೆ, ಅಷ್ಟೇ. ಅಂದರೆ ಈ ಸ್ವಿಚ್ಚಿಗೆ ತನ್ನದೇ ಆದ 'ಆನ್', 'ಆಫ್' ಎಂಬುದಿಲ್ಲ.

ಕೆಳಗಿನ ಸ್ವಿಚ್ಚಿನ ಕಾಮನ್‌ಗೆ ಫೇಸ್. ಅಲ್ಲಿಂದ ಮೇಲಿನ ಸ್ವಿಚ್ಚಿಗೆ ಎರಡು ವೈರುಗಳು ಜೊತೆಯಾಗಿ ಹೋಗುತ್ತವೆ. ಮೇಲಿನ ಸ್ವಿಚ್ಚಿನ ಕಾಮನ್‌ನಿಂದ ದೀಪಕ್ಕೆ ಒಂದು ವೈರು. ದೀಪದ ಇನ್ನೊಂದು ಕಾಲಿಗೆ ನ್ಯೂಟ್ರಲ್. ಕೆಳಗಿನವಳು ಹೊರಟ ದಾರಿಯಲ್ಲೇ ಮೇಲಿನವಳೂ ನಿಂತಿದ್ದರೆ ಭೇಟಿಯಾಗುತ್ತದೆ, ದೀಪ ಹತ್ತುತ್ತದೆ. ಒಬ್ಬಳು ಬಲಗಡೆ, ಇನ್ನೊಬ್ಬಳು ಎಡಗಡೆಯಾದರೆ ದೀಪ ಆರುತ್ತದೆ. ಇಬ್ಬರಲ್ಲಿ ಯಾರು ಜಾಗ ಬದಲಿಸಿದರೂ ದೀಪದ ಸ್ಥಿತಿ ಬದಲಾಗುತ್ತದೆ. ಎಷ್ಟು ಸರಳ ನೋಡಿ! ಯಾವ ಚಿಪ್ಪೂ ಇಲ್ಲದೆ, ಯಾವ ಇಂಟರ್‌ನೆಟ್ಟೂ ಇಲ್ಲದೆ ನಮ್ಮ ಮನೆಯಲ್ಲಿ ಇಪ್ಪತ್ತೆಂಟು ವರ್ಷ ಒಮ್ಮೆಯೂ ಮುನಿಯದೆ ನಡೆದ ಏರ್ಪಾಡು ಇದು.

ಹುಡುಗ ಮಾಡಿದ್ದೇನು? ಕೆಳಗಿನ ಟೂ ವೇ ಸ್ವಿಚ್ ತೆಗೆದು ಅಲ್ಲಿ ಗಾಜಿನ ಟಚ್ ಸ್ವಿಚ್ ಇಟ್ಟ. ಅದರಿಂದ ಹೊರಡುವ ವೈರನ್ನು ಮೇಲೆ ಹೋಗುವ ಎರಡು ವೈರುಗಳಲ್ಲಿ ಒಂದಕ್ಕೆ ಜೋಡಿಸಿದ. ದೀಪ ಹತ್ತಿತು. ಉಳಿದ ಒಂದಕ್ಕೆ ಟೇಪು ಸುತ್ತಿ ಒಳಗೆ ತಳ್ಳಿದ. ಆ ಕ್ಷಣದಲ್ಲಿ ಮೇಲಿನ ಸ್ವಿಚ್ ಸರಿಯಾದ ದಾರಿಯಲ್ಲಿದ್ದುದರಿಂದ ಎಲ್ಲವೂ ಚೆನ್ನಾಗಿ ಕಂಡಿತು. ಮನೆಯವರೆಲ್ಲ ಸೇರಿ ಮೊಬೈಲಿನಿಂದ ದೀಪ ಹತ್ತಿಸಿ, ಆರಿಸಿ ಸಂತೋಷಪಟ್ಟರು. ಮೇಲಿನ ಸ್ವಿಚ್ಚನ್ನು ಒತ್ತಿ ನೋಡಲು ಯಾರಿಗೂ ಹೊಳೆಯಲಿಲ್ಲ. ಅಮ್ಮಿ ಮೂರು ಸಲ ಒತ್ತಿದಾಗ ಅದು ಟೇಪು ಸುತ್ತಿದ ಸತ್ತ ವೈರಿನ ಕಡೆಗೆ ತಿರುಗಿ ನಿಂತಿತು. ಆಮೇಲೆ ಕೆಳಗಿನಿಂದ ಎಷ್ಟು ಮುಟ್ಟಿದರೂ ದೀಪ ಬರುವುದೆಲ್ಲಿಂದ?

ಎರಡು ಸ್ವಿಚ್ಚಿನ ದೀಪವನ್ನು ಸ್ಮಾರ್ಟ್ ಮಾಡಿಸಿದ ದಿನ ಎರಡೂ ತುದಿಯಿಂದ, ಒಂದಾದ ಮೇಲೆ ಒಂದರಂತೆ, ಕನಿಷ್ಠ ಎಂಟು-ಹತ್ತು ಸಲ ಒತ್ತಿ ನೋಡಿ. ಎಲೆಕ್ಟ್ರಿಷಿಯನ್ ಹಣ ಪಡೆದು ಚಪ್ಪಲಿ ಮೆಟ್ಟುವ ಮೊದಲೇ ನೋಡಿ.

ನ್ಯೂಟ್ರಲ್ ಎಂಬ ಕಪ್ಪು ವೈರು

ಹಳೆಯ ಸ್ವಿಚ್ ಬರಿಯ ಬಾಗಿಲಿದ್ದಂತೆ. ಅದಕ್ಕೆ ಊಟ ಬೇಡ. ಸ್ಮಾರ್ಟ್ ಸ್ವಿಚ್ ಹಾಗಲ್ಲ, ಬಾಗಿಲಲ್ಲಿ ಕೂರಿಸಿದ ಕಾವಲುಗಾರನಂತೆ. ದೀಪ ಆರಿದ್ದರೂ ಅದು ಎಚ್ಚರವಾಗಿದ್ದು ವೈಫೈಗೆ ಕಿವಿಗೊಟ್ಟಿರಬೇಕು. ಅದಕ್ಕೆ ಸದಾ ಸ್ವಲ್ಪ ಕರೆಂಟು ಬೇಕು, ಕರೆಂಟು ಹರಿಯಲು ಫೇಸ್ ಜೊತೆಗೆ ನ್ಯೂಟ್ರಲ್ಲೂ ಬೇಕು. ದೀಪಕ್ಕೆ ಬೇಕಾದ ನ್ಯೂಟ್ರಲ್ ಅನ್ನು ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ನೇರವಾಗಿ ದೀಪದ ಬಳಿಗೇ ಒಯ್ದಿರುತ್ತಾರೆ. ಸ್ವಿಚ್ಚಿನ ಡಬ್ಬಿಗೆ ಅದು ಬರುವುದೇ ಇಲ್ಲ.

ಬೋರ್ಡು ಬಿಚ್ಚದೆಯೇ ಇದನ್ನು ಸುಮಾರಾಗಿ ಊಹಿಸಬಹುದು. ಆ ಬೋರ್ಡಿನಲ್ಲಿ ಪ್ಲಗ್ ಪಾಯಿಂಟ್ ಇದೆಯೇ? ಅಥವಾ ಕರೆಂಟು ಇದೆಯೆಂದು ತೋರಿಸುವ ಕೆಂಪು ಇಂಡಿಕೇಟರ್ ಇದೆಯೇ? ಎರಡಕ್ಕೂ ನ್ಯೂಟ್ರಲ್ ಬೇಕೇ ಬೇಕು. ಆದ್ದರಿಂದ ಇವು ಇರುವಲ್ಲಿ ನ್ಯೂಟ್ರಲ್ ಇದೆ ಎಂದೇ ಅರ್ಥ. ಮೆಟ್ಟಿಲ ಮೇಲಿನ ತುದಿಯಲ್ಲಿ, ಮಂಚದ ತಲೆದಿಂಬಿನ ಪಕ್ಕದಲ್ಲಿ ಒಂಟಿ ಸ್ವಿಚ್ ಮಾತ್ರ ಇದ್ದರೆ ಬಹುಪಾಲು ಇರುವುದಿಲ್ಲ. ಕಪ್ಪು ಬಣ್ಣದ ವೈರು ನ್ಯೂಟ್ರಲ್, ಕೆಂಪು, ಹಳದಿ, ನೀಲಿ ಫೇಸ್, ಹಸಿರು ಅರ್ಥ್ ಎಂಬುದು ನಮ್ಮ ದೇಶದ ಪದ್ಧತಿ. ಆದರೆ ಆ ದಿನ ಕೈಗೆ ಸಿಕ್ಕ ಸುರುಳಿಯಲ್ಲಿ ಕೆಲಸ ಮುಗಿಸಿದ ಮನೆಗಳೂ ಇವೆ. ಬಣ್ಣವನ್ನು ನಂಬಿ ಕೈ ಹಾಕುವುದು ಬೇಡ, ಪರೀಕ್ಷೆ ಮಾಡಿಯೇ ನಿರ್ಧರಿಸಬೇಕು.

ನ್ಯೂಟ್ರಲ್ ಬೇಡದ ಸ್ಮಾರ್ಟ್ ಸ್ವಿಚ್ಚುಗಳೂ ಇವೆ. ಅವು ದೀಪದ ಮೂಲಕವೇ ಕಣ್ಣಿಗೆ ಕಾಣದಷ್ಟು ಕರೆಂಟನ್ನು ಹಾಯಿಸಿಕೊಂಡು ಬದುಕುತ್ತವೆ. ಹಿಂದಿನ 60 ವ್ಯಾಟ್ ಬಲ್ಬಿಗೆ ಅದು ಲೆಕ್ಕಕ್ಕಿರಲಿಲ್ಲ. 2015ರಲ್ಲಿ ಉಜಾಲಾ ಯೋಜನೆ ಬಂದ ಮೇಲೆ ಮನೆಮನೆಗೂ ಎಲ್‌ಇಡಿ ಬಂದಿದೆ. ಈ ಪುಟ್ಟ ದೀಪಗಳು ಅಷ್ಟು ಕರೆಂಟಿಗೇ ಮಿಣುಕುತ್ತವೆ, ಆರಿಸಿದ ಮೇಲೂ ಮಂದವಾಗಿ ಉರಿಯುತ್ತವೆ. ದೀಪದ ಬಳಿ ಕೆಪಾಸಿಟರ್ ಒಂದನ್ನು ಸೇರಿಸಿ ಇದನ್ನು ಸರಿಪಡಿಸುತ್ತಾರೆ. ನನ್ನನ್ನು ಕೇಳಿದರೆ, ಒಂದು ನ್ಯೂಟ್ರಲ್ ವೈರು ಎಳೆಸುವುದೇ ವಾಸಿ.

ಕೊನೆಗೆ ಸರಿಯಾದದ್ದು ಹೇಗೆ

ಅಣ್ಣ ಊರಿನ ಹಿರಿಯ ವೈರ್‌ಮನ್ ಒಬ್ಬರನ್ನು ಕರೆಸಿದ. ಅವರಿಗೆ ಆ್ಯಪ್ ಎಂದರೆ ಅಲರ್ಜಿ. ಹುಡುಗನಿಗೆ ವೈರು ತಿಳಿಯದು. ಮುಂದಿನ ವಾರ ಅವನು ರಜೆ ಹಾಕಿ ಬಂದು ಅವರ ಜೊತೆ ನಿಂತ. "ನಿಮ್ಮ ಮಷೀನು ಏನು ಕೇಳುತ್ತೆ ಹೇಳಪ್ಪ, ನಾನು ತಂದುಕೊಡ್ತೀನಿ" ಎಂದರು ಅವರು. ಇಬ್ಬರೂ ಸೇರಿ ಅರ್ಧ ದಿನದಲ್ಲಿ ಮುಗಿಸಿದರು. ಇಂಥ ಕೆಲಸಕ್ಕೆ ಈ ಇಬ್ಬರೂ ಬೇಕೆಂಬುದು ನನ್ನ ಅನುಭವ.

ಗಾಜಿನ ಟಚ್ ಸ್ವಿಚ್ಚನ್ನು ತೆಗೆದು ಹಳೆಯ ಎರಡೂ ಸ್ವಿಚ್ಚುಗಳನ್ನು ಮತ್ತೆ ಅವುಗಳ ಜಾಗದಲ್ಲಿ ಇಟ್ಟರು. ಬೆಂಕಿಪೆಟ್ಟಿಗೆಯಷ್ಟಿರುವ ರಿಲೇ ಮಾಡ್ಯೂಲ್ ಒಂದನ್ನು ತಂದು ಮೇಲಿನ ಸ್ವಿಚ್ಚಿನ ಹಿಂದೆ ಕೂರಿಸಿದರು. ಈ ಮಾಡ್ಯೂಲ್‌ಗೆ ಎರಡು ಸ್ವಿಚ್ಚುಗಳ ಸಂದೇಶ ಸ್ವೀಕರಿಸುವ ಕಾಲುಗಳಿವೆ. ಮೆಟ್ಟಿಲಲ್ಲಿ ಹಾದುಹೋಗಿದ್ದ ಎರಡು ವೈರುಗಳಲ್ಲಿ ಒಂದು ಈಗ ಮಾಡ್ಯೂಲ್‌ಗೆ ಸದಾ ಫೇಸ್ ಒಯ್ಯುತ್ತದೆ. ಇನ್ನೊಂದು ಕೆಳಗಿನ ಸ್ವಿಚ್ಚಿನ ಸಂದೇಶವನ್ನು ತರುತ್ತದೆ. ಮೇಲಿನ ಸ್ವಿಚ್ಚಿನ ಸಂದೇಶ ಪಕ್ಕದಲ್ಲೇ ಸಿಗುತ್ತದೆ. ಕೊರತೆಯಿದ್ದದ್ದು ನ್ಯೂಟ್ರಲ್ ಮಾತ್ರ. ದೀಪದ ಬಳಿ ಅದು ಇತ್ತಲ್ಲ, ಅಲ್ಲಿಂದ ಮೇಲಿನ ಸ್ವಿಚ್ಚಿನವರೆಗೆ ಇದ್ದ ಪೈಪಿನಲ್ಲೇ ಒಂದು ಕಪ್ಪು ವೈರು ಎಳೆದರು. ಗೋಡೆ ಒಡೆಯಲಿಲ್ಲ. ಈಗ ಯಾವ ತುದಿಯಿಂದ ಒತ್ತಿದರೂ ಮಾಡ್ಯೂಲ್‌ಗೆ ಸುದ್ದಿ ಮುಟ್ಟುತ್ತದೆ, ಅದು ದೀಪವನ್ನು ಬದಲಿಸುತ್ತದೆ. ಮೊಬೈಲಿನಿಂದಲೂ ಆಗುತ್ತದೆ. ಅಮ್ಮಿಯ ಮಟ್ಟಿಗೆ ಏನೂ ಬದಲಾಗಿಲ್ಲ. ಅದೇ ಜಾಗ, ಅದೇ ಬಿಳಿ ಸ್ವಿಚ್, ಅದೇ 'ಟಕ್' ಸದ್ದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕೆಲವು ಮಾಡ್ಯೂಲ್‌ಗಳ ಸಂದೇಶದ ಕಾಲಿಗೆ ಫೇಸ್ ಕೊಡಲೇಬೇಕು, ಕೆಲವಕ್ಕೆ ಕೊಡಲೇಬಾರದು. ಕೊಟ್ಟರೆ ಒಂದೇ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಪೆಟ್ಟಿಗೆಯೊಳಗಿನ ಮಡಿಸಿದ ಚೀಟಿಯಲ್ಲಿ ಚಿತ್ರ ಇರುತ್ತದೆ. ಆ ಚೀಟಿಯನ್ನು ಕಸಕ್ಕೆ ಹಾಕದೆ ಮೀಟರ್ ಬೋರ್ಡಿನ ಒಳಬದಿಗೆ ಅಂಟಿಸಿಡಿ. ಕೊಳ್ಳುವ ಮೊದಲು ಅಂಗಡಿಯವರಲ್ಲಿ "ಟೂ ವೇ ಸ್ವಿಚ್ ಜೊತೆ ಕೆಲಸ ಮಾಡುತ್ತದೆಯೇ, ಚೀಟಿಯಲ್ಲಿ ಹಾಗೆ ಬರೆದಿದೆಯೇ?" ಎಂದು ಕೇಳಿ. ಡಬ್ಬಿಯ ಆಳವನ್ನೂ ನೋಡಿಸಿ. ಗೋಡೆಯೊಳಗಿನ ಚಿಕ್ಕ ಡಬ್ಬಿಯಲ್ಲಿ ಮಾಡ್ಯೂಲನ್ನು ತುರುಕಿ ಮುಚ್ಚಿದರೆ ಬಿಸಿಯಾಗುತ್ತದೆ, ವೈರು ಸ್ಕ್ರೂವಿನಿಂದ ಸಡಿಲಾಗುತ್ತದೆ.

ಬೇರೆ ದಾರಿಗಳೂ ಇವೆ. ಮೇಲಿನ ಸ್ವಿಚ್ ತೆಗೆದು ಅಲ್ಲಿಯ ವೈರುಗಳನ್ನು ಭದ್ರವಾಗಿ ಜೋಡಿಸಿ, ಆ ಜಾಗದಲ್ಲಿ ಬಿಲ್ಲೆ ಸೆಲ್ಲಿನಿಂದ ನಡೆಯುವ ವೈರ್‌ಲೆಸ್ ಬಟನ್ ಅಂಟಿಸುತ್ತಾರೆ. ಕೆಲಸ ಸುಲಭ, ಆದರೆ ಸೆಲ್ ಮುಗಿದ ದಿನ ಮತ್ತೆ ಅಮ್ಮಿಯ ಕಥೆಯೇ. ಬಾಡಿಗೆ ಮನೆಯವರಿಗೆ ಸ್ಮಾರ್ಟ್ ಬಲ್ಬ್ ಒಳ್ಳೆಯದು. ವೈರಿಂಗ್ ಮುಟ್ಟಬೇಕಿಲ್ಲ, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಆದರೆ ಯಾರಾದರೂ ಗೋಡೆಯ ಸ್ವಿಚ್ ಆರಿಸಿದರೆ ಬಲ್ಬಿನ ಬುದ್ಧಿಯೂ ಅದರೊಂದಿಗೆ ಆರಿಹೋಗುತ್ತದೆ. ಮಕ್ಕಳಿರುವ ಮನೆಯಲ್ಲಿ ಇದು ದಿನಕ್ಕೆ ಹತ್ತು ಸಲ ನಡೆಯುತ್ತದೆ.

ಕಾಡಂಚಿನ ಹಿತ್ತಿಲು

ಇದೆಲ್ಲ ಪಟ್ಟಣದವರ ಶೋಕಿ ಎಂದು ನಾನೂ ಅಂದುಕೊಂಡಿದ್ದೆ. ನನ್ನ ನಾದಿನಿಯ ಮನೆ ಊಟಿ ರಸ್ತೆಯಲ್ಲಿ ಹಂಗಳದಿಂದ ಮುಂದೆ, ಬಂಡೀಪುರದ ಅಂಚಿನಲ್ಲಿದೆ. 2009ರಲ್ಲಿ ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧಿಸಿದ ಮೇಲೆ ಆ ಕಡೆಯ ರಾತ್ರಿ ನಿಜವಾದ ರಾತ್ರಿಯಾಯಿತು. ಹಿತ್ತಿಲಿಗೆ ಆನೆ ಬರುವುದು, ಕೊಟ್ಟಿಗೆಯ ಹತ್ತಿರ ಚಿರತೆ ಸುಳಿಯುವುದು ಅಲ್ಲಿ ಕಥೆಯಲ್ಲ. ಶೌಚಾಲಯ ಮನೆಯ ಹೊರಗಿರುವವರಿಗಂತೂ ಬಾಗಿಲು ತೆರೆಯುವ ಮೊದಲು ಹೊರಗಿನ ದೀಪ ಹತ್ತಿಸಿ, ಕಿಟಕಿಯಿಂದ ನೋಡಿ, ಆಮೇಲೆ ಚಿಲಕ ತೆಗೆಯುವುದು ರೂಢಿ.

ಅವರ ಹಿತ್ತಿಲ ದೀಪಕ್ಕೆ ಮೂರು ಕಡೆ ಸ್ವಿಚ್: ಮುಂಬಾಗಿಲು, ಅಡಿಗೆಮನೆ ಬಾಗಿಲು, ಮಲಗುವ ಕೋಣೆ. ಮೂರನೆಯದು ಬಂದಾಗ ನಡುವೆ ನಾಲ್ಕು ಸ್ಕ್ರೂಗಳ 'ಇಂಟರ್‌ಮೀಡಿಯೆಟ್' ಸ್ವಿಚ್ ಬೇಕಾಗುತ್ತದೆ. ಅದು ಹೊರಟ ಎರಡು ದಾರಿಗಳನ್ನು ಅದಲುಬದಲು ಮಾಡುತ್ತದೆ. ಇಂಥಲ್ಲಿ ಸ್ಮಾರ್ಟ್ ಏರ್ಪಾಡಿನಿಂದ ನಿಜವಾಗಿಯೂ ಉಪಯೋಗವಿದೆ. ಮೊಣಕಾಲು ನೋವಿನ ನಾದಿನಿ ಮಂಚದಿಂದ ಏಳದೆಯೇ ಹಿತ್ತಿಲ ದೀಪ ಹತ್ತಿಸುತ್ತಾಳೆ. ನಾಯಿ ಬೊಗಳಿದರೆ ಮೊದಲು ಬೆಳಕು, ಆಮೇಲೆ ಎದ್ದು ನೋಡುವುದು. ರಾತ್ರಿಯಿಡೀ ಕಾಡಿನ ಕಡೆಗೆ ದೊಡ್ಡ ದೀಪ ಉರಿಸುವುದಕ್ಕಿಂತ, ಬೇಕಾದಾಗ ಹತ್ತಿಸಿ ಆರಿಸುವುದು ಪ್ರಾಣಿಗಳಿಗೂ ಒಳ್ಳೆಯದು.

ಆದರೆ ಕಾಡಂಚಿನಲ್ಲಿ ಮೊಬೈಲ್ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೆಲವು ಸ್ವಿಚ್ಚುಗಳಿಗೆ ಮೊಬೈಲಿನಿಂದ ಕೊಟ್ಟ ಆಜ್ಞೆ ಮನೆಯ ಹೊರಗೆ ಎಲ್ಲಿಯೋ ಇರುವ ಕಂಪ್ಯೂಟರಿಗೆ ಹೋಗಿ ಬರಬೇಕು. ಇಂಟರ್‌ನೆಟ್ ಇಲ್ಲದಿದ್ದರೆ ಅವು ಕೇಳುವುದಿಲ್ಲ. ಅಂಥ ಊರಿನವರು ಇಂಟರ್‌ನೆಟ್ ಇಲ್ಲದೆಯೂ ನಡೆಯುವ, ಜೊತೆಗೆ ಪುಟ್ಟ ರಿಮೋಟ್ ಇರುವ ಮಾಡ್ಯೂಲ್ ಕೇಳಿ ಕೊಳ್ಳಬೇಕು. ನಾದಿನಿಯ ದಿಂಬಿನ ಕೆಳಗಿರುವುದು ಅಂಥದೊಂದು ರಿಮೋಟ್. ಮೊಬೈಲ್ ಅಲ್ಲ.

ಕರೆಂಟು ಹೋದಾಗ, ಬಂದಾಗ

ಮೈಸೂರಿನ ಸೆಸ್ಕ್ ನಮ್ಮ ಜಿಲ್ಲೆಗೆ ವಿದ್ಯುತ್ ಪೂರೈಸುತ್ತಿದ್ದರೂ ಜನರ ಬಾಯಲ್ಲಿ ಇಂದಿಗೂ ಅದು 'ಕೆಇಬಿ'ಯೇ. ಕರೆಂಟು ಹೋಗಿ ಬಂದಾಗ ಹಳೆಯ ಸ್ವಿಚ್ ಇದ್ದಲ್ಲೇ ಇರುತ್ತದೆ. ಸ್ಮಾರ್ಟ್ ಸ್ವಿಚ್ ಏನು ಮಾಡಬೇಕೆಂದು ನಾವು ಹೇಳಿಕೊಡಬೇಕು. ಇಲ್ಲವಾದರೆ ರಾತ್ರಿ ಮೂರು ಗಂಟೆಗೆ ಕರೆಂಟು ಬಂದಾಗ ಮನೆಯ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡು ಮಗು ಚೀರಿ ಏಳಬಹುದು. ಆ್ಯಪ್‌ನಲ್ಲಿ 'ಹಿಂದಿನ ಸ್ಥಿತಿ' ಎಂಬ ಆಯ್ಕೆಯಿದ್ದರೆ ಅದನ್ನೇ ಇಡಿಸಿ.

ಇನ್ವರ್ಟರ್ ಇರುವವರು ಇನ್ನೊಂದನ್ನು ಗಮನಿಸಬೇಕು. ಮೆಟ್ಟಿಲ ದೀಪ ಇನ್ವರ್ಟರ್ ಲೈನಿನಲ್ಲಿದ್ದರೆ ಮಾಡ್ಯೂಲ್‌ಗೂ ಅದೇ ಲೈನಿನ ಫೇಸ್ ಕೊಡಬೇಕು. ಪಕ್ಕದ ಪ್ಲಗ್ ಪಾಯಿಂಟಿನಿಂದ ಸುಲಭಕ್ಕೆ ಎಳೆದುಕೊಂಡರೆ ಕರೆಂಟು ಹೋದಾಗ ಇನ್ವರ್ಟರ್ ಇದ್ದೂ ಮೆಟ್ಟಿಲು ಕತ್ತಲಾಗುತ್ತದೆ. ಹಾಗೆಯೇ ಒಂದು ಸರ್ಕ್ಯೂಟಿನ ಫೇಸ್, ಇನ್ನೊಂದರ ನ್ಯೂಟ್ರಲ್ ಸೇರಿಸಿದರೆ, ಶಾಕ್ ತಡೆಯುವ ಆರ್‌ಸಿಸಿಬಿ ಇರುವ ಮನೆಯಲ್ಲಿ ಅದು ಪದೇ ಪದೇ ಬೀಳುತ್ತದೆ. "ಇದು ಸುಮ್ಮನೆ ತೊಂದರೆ ಕೊಡುತ್ತೆ" ಎಂದು ಯಾರಾದರೂ ಆರ್‌ಸಿಸಿಬಿಯನ್ನೇ ಕಿತ್ತು ಹಾಕಲು ಹೊರಟರೆ ಖಂಡಿತ ಒಪ್ಪಬೇಡಿ. ತಪ್ಪು ವೈರಿನದು, ಅದರದಲ್ಲ.

ಉಳಿತಾಯದ ಲೆಕ್ಕ

ಸ್ಮಾರ್ಟ್ ಸ್ವಿಚ್ ಹಾಕಿದರೆ ಬಿಲ್ಲು ಇಳಿಯುತ್ತದೆ ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. 9 ವ್ಯಾಟ್‌ನ ಮೆಟ್ಟಿಲ ದೀಪ ದಿನಕ್ಕೆ ನಾಲ್ಕು ಗಂಟೆ ಉರಿದರೆ ತಿಂಗಳಿಗೆ ಒಂದು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ಸದಾ ಎಚ್ಚರವಾಗಿರುವ ಸ್ವಿಚ್ ಒಂದು ವ್ಯಾಟ್ ತಿಂದರೂ ತಿಂಗಳಿಗೆ 0.72 ಯೂನಿಟ್. ಹತ್ತು ಕಡೆ ಹಾಕಿಸಿದರೆ ಏಳು ಯೂನಿಟ್ ಮೀರಿತು. 2023ರಲ್ಲಿ ಆರಂಭವಾದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವಲ್ಲ. ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಪ್ರತಿ ಮನೆಗೂ ಮಿತಿ ಹಾಕಲಾಗಿದೆ. ಮಿತಿಯ ಅಂಚಿನಲ್ಲಿರುವ ಮನೆಗೆ ಏಳು ಯೂನಿಟ್ ದೊಡ್ಡದೇ. ದೀಪದಲ್ಲಿ ಉಳಿತಾಯವಿಲ್ಲ, ಅನುಕೂಲ ಮಾತ್ರ ಇದೆ.

ಉಳಿತಾಯ ಇರುವುದು ಗೀಸರಿನಲ್ಲಿ. 2000 ವ್ಯಾಟ್‌ನ ಗೀಸರ್ ಮರೆತು ಅರ್ಧ ಗಂಟೆ ನೀರು ಕಾಯಿಸಿದರೆ ಒಂದು ಯೂನಿಟ್ ಹೋಯಿತು. ಸಮಯಕ್ಕೆ ತಾನೇ ಆರುವ ಸ್ವಿಚ್ ಅಲ್ಲಿ ಸಾರ್ಥಕ. ಆದರೆ ದೀಪದ ಚಿಕ್ಕ ಮಾಡ್ಯೂಲ್ ಅಲ್ಲಿಗೆ ಸಲ್ಲದು, 16 ಆಂಪಿಯರ್ ತಡೆಯುವಂಥದೇ ಬೇಕು. ನೀರಿನ ಮೋಟಾರು ಶುರುವಾಗುವಾಗ ಒಮ್ಮೆಗೇ ಹೆಚ್ಚು ಕರೆಂಟು ಎಳೆಯುತ್ತದೆ, ಅದಕ್ಕೆ ಕಾಂಟ್ಯಾಕ್ಟರ್ ಎಂಬ ಬೇರೆಯೇ ಉಪಕರಣವನ್ನು ನಡುವೆ ಹಾಕಬೇಕು. ದೀಪದ ಡಿಮ್ಮರ್‌ಗೆ ಫ್ಯಾನ್ ಜೋಡಿಸಬಾರದು.

ಕೀಲಿ ಯಾರ ಕೈಯಲ್ಲಿ?

ನಮ್ಮ ಮನೆಯ ಸ್ವಿಚ್ಚು ಮೊದಲು ನೋಂದಣಿಯಾದದ್ದು ಹುಡುಗನ ಮೊಬೈಲಿನಲ್ಲಿ ಮಾತ್ರ. ಬೆಂಗಳೂರಿನಲ್ಲಿ ಅವನ ಬೆರಳು ತಾಗಿ ಗುಂಡ್ಲುಪೇಟೆಯಲ್ಲಿ ನಡುರಾತ್ರಿ ದೀಪ ಹತ್ತಿತ್ತು. ಭಾಬಿ ಆಯತುಲ್ ಕುರ್ಸಿ ಓದುತ್ತಾ ಕುಳಿತಿದ್ದರಂತೆ! ಈಗ ನಗು ಬರುತ್ತದೆ. ಆದರೆ ಎಲೆಕ್ಟ್ರಿಷಿಯನ್ ಅಥವಾ ಅಂಗಡಿಯ ಹುಡುಗ ತನ್ನದೇ ನಂಬರಿನಲ್ಲಿ ಖಾತೆ ತೆರೆದು ಹೋದರೆ ನಗುವ ವಿಷಯವಲ್ಲ. ನಿಮ್ಮ ಮನೆಯ ದೀಪ ಯಾವಾಗ ಹತ್ತುತ್ತದೆ, ಯಾವಾಗ ಆರುತ್ತದೆ, ಮನೆಯಲ್ಲಿ ಜನ ಇದ್ದಾರೆಯೇ ಇಲ್ಲವೇ ಎಂಬುದೆಲ್ಲ ಆ ಖಾತೆಯಲ್ಲಿ ಕಾಣುತ್ತದೆ. ಖಾತೆ ಮನೆಯವರ ನಂಬರಿನಲ್ಲೇ ಇರಲಿ, ಮನೆಯಲ್ಲಿ ದಿನವಿಡೀ ಇರುವ ಹೆಣ್ಣುಮಕ್ಕಳ ಮೊಬೈಲಿಗೂ ಅದರ ಹಕ್ಕು ಸಿಗಲಿ.

ಕೆಲಸಕ್ಕೆ ಕರೆಯುವಾಗ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವವರನ್ನೇ ಕರೆಯಿರಿ. ಬೋರ್ಡು ಬಿಚ್ಚುವ ಮೊದಲು ಆ ಸ್ವಿಚ್ಚನ್ನಷ್ಟೇ ಆರಿಸಿದರೆ ಸಾಲದು, ಎಂಸಿಬಿ ಕೆಳಗಿಳಿಸಬೇಕು. ಟೂ ವೇ ವೈರಿಂಗಿನಲ್ಲಿ ದೀಪ ಆರಿದ್ದರೂ ಆ ಎರಡು ವೈರುಗಳಲ್ಲಿ ಒಂದರಲ್ಲಿ ಕರೆಂಟು ಇದ್ದೇ ಇರುತ್ತದೆ. ಇನ್ವರ್ಟರ್ ಇದ್ದರೆ ಅದನ್ನೂ ಆರಿಸಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಟೆಸ್ಟರ್ ಸರಿಯಿದೆಯೇ ಎಂದು ಮೊದಲು ಕರೆಂಟಿರುವ ಬೇರೊಂದು ಕಡೆ ಇಟ್ಟು ನೋಡಿ ಆಮೇಲೆ ಇಲ್ಲಿ ಇಡಬೇಕು.

ಕಳೆದ ತಿಂಗಳು ತವರಿಗೆ ಹೋದಾಗ ಅಣ್ಣನ ಮಗ ಹೊಸದೊಂದು ತಂದಿದ್ದ, ಮಾತಾಡಿದರೆ ದೀಪ ಹತ್ತಿಸುವ ಪೆಟ್ಟಿಗೆ. ಅಮ್ಮಿ ಅದರ ಮುಂದೆ ಕುಳಿತು ತಮ್ಮ ದಖನಿಯಲ್ಲಿ "ಬತ್ತಿ ಜಲಾ ಬೇಟಾ" ಎಂದು ಎರಡು ಸಲ ಹೇಳಿದರು. ಅದು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿತು. ಅಮ್ಮಿ ಎದ್ದು ಹೋಗಿ ಸ್ವಿಚ್ ಒತ್ತಿ, ಮೆಟ್ಟಿಲು ಎಣಿಸುತ್ತಾ ಬಟ್ಟೆ ತರಲು ಮೇಲೆ ಹೋದರು.